ಇಬ್ಬರು ಕಂಡರೆ

ಉಸಿರೇ, ನೊರೆಯಲ್ಲ, ನೊರೆ ಹಾಗೆ ನೆಟ್ಟಗೆ ಏಳುವುದಿಲ್ಲ, ಅದು ಅಲೆಯ ತಲೆಯ ಮೇಲೆ ಹರಡಿಕೊಂಡು ಕೂರುತ್ತದೆ, ಇದು ಕಂಬದ ಹಾಗೆ ಎದ್ದು, ಒಂದು ಗಳಿಗೆ ಗಾಳಿಯನ್ನು ಲೆಕ್ಕಿಸದೆ ನಿಂತು, ಆಮೇಲೆ ಮೆಲ್ಲಗೆ ವಾಲಿ ಕರಗಿತು, ಮೂವತ್ತು ಅಡಿ ಎತ್ತರ ಇದ್ದೀತು, ಕಡಿಮೆಯಂತೂ ಅಲ್ಲ, ಎಡಕ್ಕೆ ಹನ್ನೊಂದು ಗಂಟೆಯ ದಿಕ್ಕು, ಒಂದೂವರೆ ಮೈಲಿ — ಅವಳು ಯೋಚಿಸುವ ಮೊದಲೇ ಬಾಯಿ ಕೂಗಿಬಿಟ್ಟಿದೆ, ಬಲಗಡೆಯ ದುರ್ಬೀನಿನ ಹಿಂದಿನಿಂದ ಮೇಷ್ಟರ ದನಿ ಒಂಬತ್ತು ನಲವತ್ತೊಂದು ಎಂದು ಹೊತ್ತು ಹೇಳಿದೆ, ಕಾಲ ಕೆಳಗೆ ಹಡಗಿನ ನಡುಕ ಸಣ್ಣದಾಗುತ್ತಿದೆ, ಅಂದರೆ ಕೆಳಗಿನ ಚುಕ್ಕಾಣಿ ಕೋಣೆಯಲ್ಲಿ ಕಪ್ತಾನರು ವೇಗ ಇಳಿಸಿದ್ದಾರೆ, ವಾಕಿಟಾಕಿಯಲ್ಲಿ ಅವರ ದನಿ ಗರಗರ, ಹದಿನೈದು ನಿಮಿಷ ಕೊಡ್ತೀನಿ, ಅದರ ಮೇಲೆ ಒಂದು ನಿಮಿಷವೂ ಇಲ್ಲ, ಭರತ ಇಳಿಯೋದ್ರೊಳಗೆ ಬಂದರು ಸೇರ್ಬೇಕು, ಸರಿ ಕಪ್ತಾನರೇ, ಹದಿನೈದಾದರೆ ಹದಿನೈದು, ಅವಳು ಕಣ್ಣು ಮಾತ್ರ ಕೀಳಲಿಲ್ಲ, ಆ ಉಸಿರು ಕರಗಿದ ಜಾಗದ ಮೇಲೆ ದುರ್ಬೀನನ್ನು ಮೊಳೆ ಹೊಡೆದ ಹಾಗೆ ನಿಲ್ಲಿಸಿದ್ದಾಳೆ, ನೀರು, ಬರೀ ನೀರು, ಬೂದು ನೀಲಿ, ಉಬ್ಬಿ ಇಳಿಯುವ ನೀರು, ಇಪ್ಪತ್ತನಾಲ್ಕು ದಿನದಿಂದ ಇದೇ ನೀರು, ಇವತ್ತು ಕೊನೆಯ ದಿನ, ಕೊನೆಯ ಬೆಳಗು, ಹತ್ತು ಗಂಟೆಗೆ ತಿಮಿಂಗಿಲ ಸಮೀಕ್ಷೆ ಮುಗಿದು ಈ ದುರ್ಬೀನುಗಳಿಗೆ ಗವಸು ಹಾಕುವುದಿತ್ತು.

ಕಬ್ಬಿಣದ ಏಣಿಯ ಮೇಲೆ ದಡದಡ ಹೆಜ್ಜೆ, ಅದು ಮೇಡಂ, ಈ ಇಡೀ ಸಮೀಕ್ಷೆಯ ಮುಖ್ಯಸ್ಥೆ, ಏದುಸಿರು ಬಿಡುತ್ತ ಬಂದು ಬೆನ್ನ ಹಿಂದೆ ನಿಂತಿದ್ದಾರೆ, ನೀಲಿಯಾ, ಅಂತ ಒಂದೇ ಪದ ಕೇಳಿದರು, ನೀಲಿ ತಿಮಿಂಗಿಲದ್ದೇ ಉಸಿರು ಮೇಡಂ, ಬೇರೆ ಯಾವುದೂ ಅಷ್ಟು ಎತ್ತರ ಹೋಗಲ್ಲ, ಬೆನ್ನು ಕಾಣ್ಲಿಲ್ಲ, ಉಸಿರು ಮಾತ್ರ, ಒಂದೇ ಒಂದು — ಒಂದು ಸಾಲದು, ಅದು ಅವಳಿಗೂ ಗೊತ್ತು, ಮೇಡಂಗೂ ಗೊತ್ತು, ಒಬ್ಬರು ಕಂಡದ್ದು ಹಾಳೆಯ ಮೇಲೆ ಬರೀ ಅನುಮಾನ, ಇಬ್ಬರು ಕಂಡು ಇಬ್ಬರೂ ಸಹಿ ಹಾಕಿದರೆ ಮಾತ್ರ ತಿಮಿಂಗಿಲ, ಆ ಸಹಿ ಬಿದ್ದರೆ ಸರಕು ಹಡಗುಗಳ ಹೊಸ ದಾರಿ ಈ ನೀರನ್ನು ಬಿಟ್ಟು ಸುತ್ತುಬಳಸಿ ಹೋಗುತ್ತದೆ, ಬೀಳದಿದ್ದರೆ ನಕ್ಷೆಯ ಮೇಲೆ ಅಡಿಕೋಲಿಟ್ಟು ಇಲ್ಲೇ ನಡುಮಧ್ಯೆ ಗೆರೆ ಎಳೆಯುತ್ತಾರೆ, ದಿನಕ್ಕೆ ನಲವತ್ತು ಹಡಗು ಅಂತೆ, ಬೆಟ್ಟದಂಥ ಹಡಗುಗಳು, ಕೆಳಗೆ ಏನು ಉಸಿರಾಡುತ್ತಿದೆ ಎಂದು ನೋಡುವವರಿಲ್ಲ. ಮೇಡಂ ಬಲಕ್ಕೆ ತಿರುಗಿದರು, ಅವಳಿಗೆ ಕಾಣಲಿಲ್ಲ, ದನಿ ತಿರುಗಿದ್ದು ಕೇಳಿಸಿತು. ಮೇಷ್ಟ್ರೇ, ನೀವು ನೋಡಿದ್ರಾ?

ಅಯ್ಯೋ, ಮೇಷ್ಟರು ಏನು ಹೇಳಿಬಿಡುತ್ತಾರೋ, ಅವಳ ಎದೆ ಡವಗುಟ್ಟುತ್ತಿದೆ, ತಿಮಿಂಗಿಲ ಕಂಡಾಗ ಕೂಡ ಹೀಗೆ ಬಡಿದುಕೊಂಡಿರಲಿಲ್ಲ, ಏಕೆಂದರೆ ನಾಲ್ಕು ದಿನದ ಹಿಂದೆ ಇದೇ ಅಟ್ಟದ ಮೇಲೆ ಇದೇ ಪ್ರಶ್ನೆ ಅವಳ ಕಡೆ ಬಂದಿತ್ತು, ಆಗ ಕೂಗಿದವರು ಮೇಷ್ಟರು, ಬಲಕ್ಕೆ ಎರಡು ಗಂಟೆ, ಮೂರು ಮೈಲಿ, ಬಿಸಿಲು ನೀರಿನ ಮೇಲೆ ಬಿದ್ದು ಕಣ್ಣು ಕುಕ್ಕುವ ಹೊಳಪು, ಆ ಹೊಳಪಿನೊಳಗೆ ಒಂದು ಉಸಿರು ಎದ್ದಿತು ಎಂದರು, ಅವಳು ತಿರುಗಿಸಿದಳು, ನೋಡಿದಳು, ಇಪ್ಪತ್ತು ನಿಮಿಷ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿದಳು, ಕಣ್ಣಲ್ಲಿ ನೀರು ಸುರಿಯಿತು, ಏನೂ ಇಲ್ಲ. ಸಂಜೆ ಊಟದ ಕೋಣೆಯ ಉದ್ದ ಮೇಜಿನ ಮೇಲೆ ಮೇಡಂ ಹಾಳೆ ಇಟ್ಟು ಪೆನ್ನನ್ನು ಅದರ ಮೇಲೆ ಅಡ್ಡ ಇಟ್ಟರು, ಮೇಷ್ಟರ ಸಹಿ ಆಗಲೇ ಬಿದ್ದಿತ್ತು, ದುಂಡಗೆ, ಮೂವತ್ತು ವರ್ಷ ಕಪ್ಪು ಹಲಗೆಯ ಮೇಲೆ ಭೂಗೋಳ ಬರೆದವರ ಅಕ್ಷರ, ನಿವೃತ್ತರಾದ ಮೇಲೆ ಸಮುದ್ರಕ್ಕೆ ಬಂದವರು, ಅವಳು ಮೊದಲ ಸಲ ಹಡಗು ಹತ್ತಿದಾಗ ದುರ್ಬೀನಿನ ಗಾಜಿನೊಳಗಿನ ಸಣ್ಣ ಗೆರೆಗಳನ್ನು ಎಣಿಸಿ ದೂರ ಹೇಳುವುದು ಕಲಿಸಿದವರು, ವಾಂತಿ ಮಾಡಿಕೊಂಡಾಗ ಬಕೆಟ್ಟು ಹಿಡಿದವರು, ದಿಗಂತ ನೋಡಿ ತಾಯಿ, ಹೊಟ್ಟೆ ನೋಡ್ಕೋಬೇಡಿ, ಎಂದವರು, ಇದು ಅವರ ಕೊನೆಯ ಪ್ರಯಾಣ, ವಯಸ್ಸಿನ ಮಿತಿ ಮುಗಿಯಿತು, ಇನ್ನು ಹತ್ತಿಸಿಕೊಳ್ಳುವುದಿಲ್ಲ. ಇದು ನಿಜ ಅಂತ ನನಗೂ ಗೊತ್ತು, ನಿಮಗೂ ಗೊತ್ತು, ಮೇಷ್ಟ್ರು ಸುಳ್ಳು ಹೇಳೋರಾ, ಒಂದು ಸಹಿ ಅಷ್ಟೆ, ಎಂದರು ಮೇಡಂ, ಅವರು ಕೆಟ್ಟವರಲ್ಲ, ಈ ನೀರಿಗಾಗಿ ಆರು ವರ್ಷ ಕಚೇರಿಯಿಂದ ಕಚೇರಿಗೆ ಅಲೆದವರು, ಕಣ್ಣ ಸುತ್ತ ಕಪ್ಪು ಕಟ್ಟಿತ್ತು, ಅಡುಗೆಯವನು ಸೌಟು ಹಿಡಿದು ಹಾಗೇ ನಿಂತುಬಿಟ್ಟಿದ್ದ, ಮತ್ತು ಅವಳು, ಗೊತ್ತಿರೋದು ಬೇರೆ ಮೇಡಂ, ನೋಡಿರೋದು ಬೇರೆ, ಎಂದಳು. ಮೇಷ್ಟರು ತಟ್ಟೆಯಿಂದ ತಲೆ ಎತ್ತಿದರು. ನನ್ನ ಮಾತಿನ ಮೇಲೆ ನಂಬಿಕೆ ಇಲ್ವಾ ತಾಯಿ? ಇದೆ ಮೇಷ್ಟ್ರೇ, ನೂರಕ್ಕೆ ನೂರು ಇದೆ, ಆದರೆ ನಾನು ನೋಡ್ಲಿಲ್ಲ. ಅವರು ಎದ್ದು ಕೈ ತೊಳೆದು ಹೋದರು, ಅರ್ಧ ಊಟ ಹಾಗೇ ಉಳಿಯಿತು, ಅಂದಿನಿಂದ ಅವರ ಬಾಯಲ್ಲಿ ಅವಳಿಗೆ ದಿಕ್ಕು, ದೂರ, ಹೊತ್ತು, ಇವಿಷ್ಟೇ, ತಾಯಿ ಎಂಬ ಪದವಿಲ್ಲ, ನಾಲ್ಕು ದಿನ ಈ ಅಟ್ಟದ ಮೇಲೆ ಎರಡು ಮಾರು ಅಂತರದಲ್ಲಿ ನಿಂತು ಇಬ್ಬರೂ ಸಮುದ್ರ ನೋಡಿದ್ದಾರೆ, ನಡುವೆ ಒಂದು ಗೋಡೆ ಎದ್ದ ಹಾಗೆ.

ಅವಳು ಆ ರಾತ್ರಿ ಹಾಸಿಗೆಯಲ್ಲಿ ಹೊರಳಾಡಲಿಲ್ಲ, ಅದು ನೆನೆದರೆ ಈಗಲೂ ಸೋಜಿಗ, ಗಡದ್ದಾಗಿ ನಿದ್ದೆ ಹೊಡೆದಳು, ಅಮ್ಮನೂ ಹೀಗೇ ಇದ್ದಿರಬೇಕು, ಬಟ್ಟೆ ಗಿರಣಿಯ ಪರೀಕ್ಷೆ ಮೇಜಿನ ಅಮ್ಮ, ಓರೆ ಮಾಡಿಟ್ಟ ಗಾಜಿನ ಮೇಲೆ ಬಿಳಿ ಬಟ್ಟೆ ಹರಿದು ಹೋಗುತ್ತದೆ, ಗಾಜಿನ ಅಡಿಯಲ್ಲಿ ದೀಪ, ಎಂಟು ಗಂಟೆ ಬಟ್ಟೆ ಹರಿಯುವುದು, ಎಂಟು ಗಂಟೆ ಅಮ್ಮ ನೋಡುವುದು, ಒಂದು ಎಳೆ ತಪ್ಪಿದ್ದರೂ ಸೀಮೆಸುಣ್ಣದ ಗೀಟು, ಬಟ್ಟೇನ ದಿಟ್ಟಿಸಬೇಡ ಕಣೆ, ಅದನ್ನ ಹರಿಯೋಕೆ ಬಿಡು, ತಪ್ಪು ಇದ್ರೆ ತಾನಾಗೇ ಬಂದು ಕಣ್ಣಿಗೆ ಚುಚ್ಚುತ್ತೆ, ಅಂತ ರಜೆಯ ದಿನ ಕರೆದುಕೊಂಡು ಹೋಗಿ ತೋರಿಸಿದ್ದಳು, ಅಮ್ಮನ ಮುದ್ರೆ ಬಿದ್ದ ಥಾನುಗಳನ್ನು ಅಂಗಡಿಯವರು ಬಿಚ್ಚಿ ನೋಡುತ್ತಿರಲಿಲ್ಲ, ಹಾಗೇ ಕಪಾಟಿಗೆ ಏರಿಸುತ್ತಿದ್ದರು, ಮೇಲ್ವಿಚಾರಕ ಒಮ್ಮೆ ಸಾಲಾಗಿ ಹನ್ನೆರಡು ಥಾನು ಕೆಟ್ಟದ್ದು ಬಂದಾಗ, ಅಕ್ಕಾ, ಇವತ್ತೊಂದಿನ ಕಣ್ಮುಚ್ಚಿಕೊಂಡು ಬಿಡಿ, ಎಂದನಂತೆ, ಅಮ್ಮ ನಿಜವಾಗಿಯೂ ಕಣ್ಣು ಮುಚ್ಚಿದಳಂತೆ, ಮುದ್ರೆಯನ್ನು ಅವನ ಕಡೆ ಚಾಚಿ, ಕಣ್ಮುಚ್ಚಿದೀನಿ, ಈಗ ನೀವೇ ಒತ್ತಿ, ಎಂದಳಂತೆ, ಅವನು ಒತ್ತಲಿಲ್ಲ. ಅದನ್ನು ಹೇಳಿ ಅಮ್ಮ ನಗುತ್ತಿದ್ದಳು, ಬಾಯಿಗೆ ಸೆರಗು ಅಡ್ಡ ಹಿಡಿದು, ಮುಖವೆಲ್ಲ ಕೆಂಪಾಗಿ, ಅಷ್ಟು ಹೆಮ್ಮೆ ಆ ನಗುವಿನಲ್ಲಿ. ಆ ಅಮ್ಮನ ಮಗಳು ಆಮೇಲೆ ಒಂದು ಸಂಸ್ಥೆಯ ಹಿಂದಿನ ಕೋಣೆಯಲ್ಲಿ ಬೆರಳಚ್ಚು ಗುಮಾಸ್ತೆ, ಕಿಟಕಿಯಿಲ್ಲದ ಕೋಣೆ, ಸಮುದ್ರದಿಂದ ಬಂದ ಹಾಳೆಗಳನ್ನು ಕಂಪ್ಯೂಟರಿಗೆ ಏರಿಸುವುದು, ಒಂಬತ್ತು ವರ್ಷ ಬೇರೆಯವರು ಕಂಡ ತಿಮಿಂಗಿಲಗಳನ್ನು ಅವಳು ಕುಟ್ಟಿದಳು, ಹಾಳೆಗಳು ಕಣ್ಣ ಮುಂದೆ ಬಟ್ಟೆಯಂತೆ ಹರಿದವು, ಒಂದು ದಿನ ಚುಚ್ಚಿತು, ಒಬ್ಬ ಮಹಾಶಯರಿಗೆ ತಿಮಿಂಗಿಲ ಕಾಣುವುದು ದಿನವೂ ಚಹಾ ಹೊತ್ತಿಗೇ, ಅದರಲ್ಲಿ ಎರಡು ಸಲ ಹವಾಮಾನದ ಪುಸ್ತಕದ ಪ್ರಕಾರ ಹಡಗು ಮಂಜಿನೊಳಗೆ ಮುಳುಗಿತ್ತು, ತನ್ನ ಕೈಯೇ ತನಗೆ ಕಾಣದಂಥ ಮಂಜು, ಅದರಲ್ಲಿ ಇವರಿಗೆ ಮೂರು ಮೈಲಿ ದೂರದ ತಿಮಿಂಗಿಲ, ಕಾಮಾಲೆ ಕಣ್ಣಿಗೆ ಕಾಣೋದೆಲ್ಲ ಹಳದಿ ಅನ್ನಬೇಕೋ, ಕಣ್ಣೇ ಇಲ್ಲದ ಹಳದಿ ಅನ್ನಬೇಕೋ. ಅವಳು ಎರಡು ಹಾಳೆಗಳನ್ನೂ ಹಿಡಿದುಕೊಂಡು ಮಹಡಿ ಹತ್ತಿ ಇದೇ ಮೇಡಂ ಮೇಜಿನ ಮೇಲೆ ಇಟ್ಟಳು, ಮೇಡಂ ನೋಡಿದರು, ಬಹಳ ಹೊತ್ತು ನೋಡಿ, ನಿಮಗೆ ಹಡಗು ಒಗ್ಗುತ್ತಾ, ಎಂದು ಕೇಳಿದರು, ಆಗ ಅವಳಿಗೆ ಮೂವತ್ತೇಳು.

ಹನ್ನೊಂದು ವರ್ಷ. ಹನ್ನೊಂದು ವರ್ಷದಲ್ಲಿ ಅವಳು ಅತಿ ಹೆಚ್ಚು ಸಲ ಬರೆದ ವಾಕ್ಯ, ಏನೂ ಕಾಣಲಿಲ್ಲ, ಅರ್ಧ ಗಂಟೆಗೊಮ್ಮೆ ಬರೆಯಬೇಕು, ಗಾಳಿ ಇಷ್ಟು, ಅಲೆ ಇಷ್ಟು, ಏನೂ ಕಾಣಲಿಲ್ಲ, ನಾದಿನಿ ಒಂದು ಮದುವೆ ಮನೆಯಲ್ಲಿ ಹತ್ತು ಜನರ ಎದುರು, ನಮ್ಮ ಅತ್ತಿಗೆಗೆ ಏನೂ ಕಾಣದೇ ಇದ್ದದ್ದಕ್ಕೆ ಸಂಬಳ ಕೊಡ್ತಾರೆ ಕಣ್ರೀ, ಎಂದು ನಗಿಸಿದ್ದಳು, ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಈ ಕೆಲಸ ಎಂದವರೂ ಉಂಟು, ಅವಳ ಗಂಡ, ಬಸ್ಸಿನ ಚಾಲಕ, ಅಲ್ಲೇ ಕೈ ಒರೆಸಿಕೊಳ್ಳುತ್ತ, ನಾನೂ ಇಪ್ಪತ್ತು ವರ್ಷದಿಂದ ರಸ್ತೆ ನೋಡ್ತಾನೇ ಇದೀನಿ, ಏನೂ ಆಗ್ಲಿಲ್ಲ ಅಂದ್ರೆ ಅದೇ ನನ್ನ ಕೆಲಸ, ಎಂದು ತಂಗಿಯ ಬಾಯಿ ಮುಚ್ಚಿಸಿದ್ದ, ಆ ಒಂದು ಮಾತಿಗೆ ಅವನ ಎಷ್ಟೋ ತಪ್ಪುಗಳನ್ನು ಅವಳು ಮನ್ನಿಸಿದ್ದಾಳೆ. ಏನೂ ಕಾಣಲಿಲ್ಲ ಎಂದು ಸಾವಿರ ಸಲ ಬರೆದ ಕೈ, ಕಂಡೆ ಎಂದು ಬರೆದರೆ ಆಗ ಅದಕ್ಕೊಂದು ತೂಕ, ಇದು ಅವಳ ಆಸ್ತಿ, ಇದೊಂದೇ, ಅಡುಗೆಯವನು ಸೂಪಿನ ಬಟ್ಟಲು ಇಡುವಾಗ, ದುರ್ಬೀನಕ್ಕನ ಬಟ್ಟಲು ನೋಡಿಕೊಂಡು ತುಂಬ್ರಪ್ಪ, ಒಳಗೆ ಕೂದಲಿದ್ರೂ ದಿಕ್ಕು ದೂರ ಎರಡೂ ಹೇಳ್ತಾರೆ, ಎನ್ನುತ್ತಾನೆ, ಹಡಗಿಗೆಲ್ಲ ಅವಳು ದುರ್ಬೀನಕ್ಕ, ಆ ಹೆಸರು ಅವಳಿಗೆ ಯಾವ ಪದವಿಗಿಂತಲೂ ಕಡಿಮೆಯಲ್ಲ —

ಇಲ್ಲ, ಎಂದರು ಮೇಷ್ಟರು. ನಾನು ನೋಡ್ಲಿಲ್ಲ.

ಅಷ್ಟೇ, ಆ ಮೂರು ಪದ, ದನಿಯಲ್ಲಿ ಮುಯ್ಯಿ ಇಲ್ಲ, ಚುಚ್ಚು ಇಲ್ಲ, ಹೊತ್ತು ಹೇಳಿದ ಹಾಗೇ ಹೇಳಿದರು, ಅವಳಿಗೆ ಕಣ್ಣು ಮಂಜಾಯಿತು, ಈಗ ಬೇಡ, ಈಗ ಮಂಜಾಗಬಾರದು, ರೆಪ್ಪೆ ಬಡಿದು ಬಡಿದು ಒಣಗಿಸಿದಳು, ಅವರು ಹೂಂ ಎನ್ನಬಹುದಿತ್ತು, ಎಷ್ಟು ಸುಲಭ, ಹೂಂ, ನಾನೂ ಕಂಡೆ, ಎಂದುಬಿಟ್ಟರೆ ಸಮೀಕ್ಷೆ ಗೆದ್ದಿತು, ಮೇಡಂ ಗೆದ್ದರು, ಮತ್ತು ಅವಳು ಈ ಜನ್ಮದಲ್ಲಿ ಮೇಷ್ಟರೆದುರು ತಲೆ ಎತ್ತುವಂತಿರಲಿಲ್ಲ, ನೋಡಮ್ಮ, ನಿನಗೆ ಬಾರದ್ದು ನನಗೆ ಬರುತ್ತೆ, ಒಬ್ಬರ ಮಾತನ್ನು ಇನ್ನೊಬ್ಬರು ಎತ್ತಿ ಹಿಡಿಯುವುದು ಅಂದರೆ ಹೀಗೆ, ಅಂತ ಬಾಯಿ ಬಿಟ್ಟು ಹೇಳದೆಯೇ ಹೇಳಿದಂತಾಗುತ್ತಿತ್ತು, ಅವಳಿಗೆ ಅದೇ ಹೆದರಿಕೆಯಿತ್ತು, ಅವರ ದೊಡ್ಡತನದ ಹೆದರಿಕೆ, ಆದರೆ ಅವರು ಇನ್ನೂ ದೊಡ್ಡವರು. ಮೇಡಂ ಏಣಿಯ ಮೇಲ್ತುದಿಯಲ್ಲಿ ಕೂತರು, ಬಟ್ಟೆ ಕಬ್ಬಿಣಕ್ಕೆ ಉಜ್ಜಿದ ಸದ್ದು. ನನ್ನ ಗುರು, ಎಂದುಕೊಂಡಳು ಅವಳು, ಇವರು ನನ್ನ ಗುರು, ಎದೆಯೊಳಗೆ ಏನೋ ಉಬ್ಬಿ ಬಂತು, ಅಂಗಿಯ ಗುಂಡಿ ಬಿಗಿಯಾಗುವಷ್ಟು, ತನ್ನ ಕಣ್ಣಿನ ಬಗ್ಗೆ ಅವಳು ಎಷ್ಟೋ ಸಲ ಬೀಗಿದ್ದಾಳೆ, ಇನ್ನೊಬ್ಬರ ಕಾಣದ ಕಣ್ಣಿನ ಬಗ್ಗೆ ಬೀಗಿದ್ದು ಇದೇ ಮೊದಲು.

ನಾಲ್ಕು ನಿಮಿಷ, ಎಂದರು ಮೇಷ್ಟರು. ನೀರು. ಒಂದು ಕಡಲಹಕ್ಕಿ ಗಾಜಿನ ದುಂಡಿನೊಳಗೆ ಬಂದು ದಾಟಿ ಹೋಯಿತು, ಹಡಗು ಈಗ ಬರೀ ತೆವಳುತ್ತಿದೆ, ಗಾಳಿ ಕಿವಿಯ ಹಿಂದಿನಿಂದ ಬಂದು ಕುತ್ತಿಗೆಯ ಬೆವರು ಆರಿಸುತ್ತಿದೆ, ಎಡಮೊಣಕೈ ದುರ್ಬೀನಿನ ಕಂಬಕ್ಕೆ ಒತ್ತಿ ಒತ್ತಿ ಜೋಮು ಹಿಡಿದಿದೆ, ಇರಲಿ, ಕೆಳಗೆ ಎಲ್ಲೋ ಆ ನೀರಿನ ಅಡಿಯಲ್ಲಿ ಈ ಹಡಗಿನ ಅರ್ಧದಷ್ಟು ಉದ್ದದ ಜೀವ ಉಸಿರು ಹಿಡಿದು ಸಾಗುತ್ತಿದೆ, ಅದಕ್ಕೆ ಯಾವ ಅವಸರವೂ ಇಲ್ಲ, ನಕ್ಷೆ ಗೊತ್ತಿಲ್ಲ, ಭರತ ಇಳಿತ ಎಲ್ಲ ಅದರ ಬೆನ್ನ ಮೇಲೇ ಆಗುವುದು, ಇಷ್ಟಕ್ಕೂ ಕಂಡದ್ದು ನಿಜವೇ, ಅಯ್ಯೋ, ಇದೆಲ್ಲಿಂದ ಬಂತು ಈ ಅನುಮಾನ, ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ಗಾದೆಯೇ ಇದೆ, ಕೊನೆಯ ದಿನ, ಕೊನೆಯ ತಾಸು, ಮನಸ್ಸಿಗೆ ಬೇಕಾದದ್ದನ್ನು ಕಣ್ಣು ಹೊಲಿದುಕೊಟ್ಟಿತೇ, ಆರು ನಿಮಿಷ ಎಂದರು, ಮತ್ತೆ ಕಣ್ಣ ಮುಂದೆ ತಂದುಕೊಂಡಳು, ಎದ್ದದ್ದು, ನಿಂತದ್ದು, ವಾಲಿದ್ದು, ಇಲ್ಲ, ಕಂಡೆ, ಯಾರೂ ಸಹಿ ಹಾಕದಿದ್ದರೂ ಕಂಡೆ, ಬಂದರಿನಲ್ಲಿ ಇಳಿದು ಮನೆಗೆ ಹೋಗಿ ಗಂಡನಿಗೆ ಹೇಳಿದರೆ ಅವನು ನಂಬುತ್ತಾನೆ, ಅಷ್ಟೇ, ನಕ್ಷೆ ನಂಬುವುದಿಲ್ಲ. ಎಂಟು. ಮೇಷ್ಟರಿಗೂ ನಾಲ್ಕು ದಿನ ಹೀಗೇ ಆಗಿರಬೇಕಲ್ಲವೇ, ಕಂಡು ಒಬ್ಬರೇ ಉಳಿಯುವುದು, ರಾತ್ರಿ ಮಲಗಿ ಅದನ್ನೇ ಮತ್ತೆ ಮತ್ತೆ ಎಬ್ಬಿಸಿ ನೋಡುವುದು, ಅವಳು ಗಡದ್ದಾಗಿ ಮಲಗಿದ್ದಳು, ಅವರು ಮಲಗಿರಲಿಕ್ಕಿಲ್ಲ, ಇದು ಈಗ ಹೊಳೆಯಿತಲ್ಲ ಮಾರಾಯ್ತಿ ನಿನಗೆ, ಸಹಿ ಹಾಕದೇ ಇದ್ದದ್ದು ಸರಿ, ಆದರೆ ಮರುದಿನ ಬೆಳಿಗ್ಗೆ ಒಂದು ಲೋಟ ಚಹಾ ಹಿಡಿದು ಹತ್ತಿರ ಹೋಗಿ ನಿಲ್ಲಬಹುದಿತ್ತು, ನಿಂತರೆ ಗಂಟೇನೂ ಹೋಗುತ್ತಿರಲಿಲ್ಲ. ಮೇಷ್ಟ್ರೇ, ಎಂದಳು, ಕಣ್ಣು ಕೀಳದೆ. ಹೂಂ. ನಿಮಗೆ ಅವತ್ತು ಕಂಡದ್ದು ಎಷ್ಟು ಎತ್ತರ ಇತ್ತು? ಮೂವತ್ತಡಿ ಇದ್ದೀತು ತಾಯಿ, ಎಂದರು ಅವರು. ನೆಟ್ಟಗಿತ್ತು, ನಿಂತೇ ಇತ್ತು, ಆಮೇಲೆ ವಾಲ್ತು.

ತಾಯಿ ಅಂದರು. ಹತ್ತು ನಿಮಿಷ, ಇನ್ನು ಐದು, ವಾಕಿಟಾಕಿಯಲ್ಲಿ ಕಪ್ತಾನರು ಕೆಮ್ಮಿದರು, ಅವಳು ಆ ಕರಗಿದ ಜಾಗವನ್ನೇ ಹಿಡಿದಿದ್ದಾಳೆ, ಹನ್ನೊಂದು ಗಂಟೆಯ ದಿಕ್ಕು, ಹಡಗು ಮುಂದೆ ಬಂದಿದ್ದರಿಂದ ಈಗ ಹತ್ತೂವರೆ, ಉಬ್ಬು, ಇಳಿತ, ಉಬ್ಬು, ಮತ್ತು ಮೇಷ್ಟರ ದನಿ, ಕೂಗಲಿಲ್ಲ, ಪಕ್ಕದ ಬೆಂಚಿನವರಿಗೆ ಹೇಳುವ ಹಾಗೆ, ಹಡಗಿನ ಮೂಗಿನಿಂದ ಸ್ವಲ್ಪ ಬಲಕ್ಕೆ, ಒಂದು ಮೈಲಿ ಒಳಗೆ, ನಾನು ನೋಡ್ತಾ ಇದೀನಿ ತಾಯಿ, ನೀವು ನೋಡಿ. ಹೋದ ಜಾಗವನ್ನು ಅವಳು ಕಾದಿದ್ದಳು, ಬರುವ ಜಾಗವನ್ನು ಅವರು ಕಾದಿದ್ದರು, ಹಡಗಿನ ಮುಂದೆಯೇ ಅಡ್ಡ ದಾಟುತ್ತದೆಂದು ಮನಸ್ಸಿನಲ್ಲೇ ನಕ್ಷೆ ಬರೆದುಕೊಂಡಿರಬೇಕು, ಭೂಗೋಳದ ಮೇಷ್ಟರಲ್ಲವೇ, ದುರ್ಬೀನು ತಿರುಗಿತು, ಕೀಲು ಕಿರ್ ಎಂದಿತು, ನೀರು, ನೀರು, ಹಡಗಿನ ಮುಂತುದಿಯ ಕಂಬಿ, ನೀರು, ಕರಗುತ್ತಿರುವ ಒಂದು ಮಬ್ಬು, ಸಾಲದು, ಮಬ್ಬಿಗೆ ಸಹಿ ಹಾಕಲಾರೆ ಮೇಷ್ಟ್ರೇ, ಅದರ ಕೆಳಗೆ ಬೆನ್ನು, ಓ, ಬೆನ್ನು, ಬೂದು ನೀಲಿ, ನೆನೆದ ಕಲ್ಲಿನ ಬಣ್ಣ, ಹೋಗುತ್ತಲೇ ಇದೆ, ಮುಗಿಯುವುದೇ ಇಲ್ಲ, ಇಷ್ಟು ಉದ್ದ ಬೆನ್ನಿಗೆ ಕೊನೆಯಲ್ಲೊಂದು ಕಿರುಬೆರಳಿನಂಥ ರೆಕ್ಕೆ, ನೀಲಿ, ನೀಲಿಯೇ, ನೋಡಿದ್ರಾ, ಎಂದರು ಮೇಷ್ಟರು, ಅವರ ದನಿ ಈಗ ನಡುಗುತ್ತಿದೆ, ನೋಡಿದೆ ಮೇಷ್ಟ್ರೇ, ಎಂದಳು ಅವಳು, ನೋಡಿದೆ, ನೋಡಿದೆ.

ಮೇಡಂ ಹಾಳೆ ಹಿಡಿದ ಹಲಗೆ ತಂದರು, ಹಾಳೆ ಗಾಳಿಗೆ ಪಟಪಟ ಬಡಿದುಕೊಳ್ಳುತ್ತಿದೆ, ಮೊದಲು ಕಂಡವರು ಎಂಬ ಮನೆಯಲ್ಲಿ ಅವಳು ಮೇಷ್ಟರ ಹೆಸರು ಬರೆದಳು, ಅವರು ಬಗ್ಗಿ ನೋಡಿ, ಛೆ, ಮೊದಲು ಕಂಡದ್ದು ನೀವಲ್ವಾ, ಎಂದರು, ಅದು ಒಬ್ಬರು ಕಂಡದ್ದು ಮೇಷ್ಟ್ರೇ, ಇದು ಇಬ್ಬರು ಕಂಡದ್ದು, ಎಂದು ಎರಡನೆಯ ಮನೆಯಲ್ಲಿ ತನ್ನ ಸಹಿ ಒತ್ತಿ ಹಾಕಿದಳು, ಹಾಳೆ ಹರಿಯುವಷ್ಟು ಒತ್ತಿ, ನಾಲ್ಕು ದಿನದ ಹಿಂದಿನ ಹಾಳೆ ಅದೇ ಹಲಗೆಯಲ್ಲಿ ಕೆಳಗಿತ್ತು, ಎರಡನೆಯ ಮನೆ ಖಾಲಿಯಿದ್ದ ಹಾಳೆ, ಅವರೂ ಅದನ್ನು ಎತ್ತಲಿಲ್ಲ, ಅವಳೂ ಎತ್ತಲಿಲ್ಲ, ಅದು ಖಾಲಿಯೇ ಇರಲಿ. ವಾಕಿಟಾಕಿಯಲ್ಲಿ ಹದಿನೈದಾಯ್ತು ಎಂದು ಯಾರೂ ಹೇಳಲಿಲ್ಲ, ಕಾಲ ಕೆಳಗಿನ ನಡುಕ ಪೂರ್ತಿ ನಿಂತೇಹೋಯಿತು, ಕಪ್ತಾನರು ಎಂಜಿನ್ನೇ ಆರಿಸಿದ್ದಾರೆ, ಭರತ ತಾನೇ, ನಾಳೆಯೂ ಬರುತ್ತದೆ, ಅಡುಗೆಯವನು ಏಣಿ ಹತ್ತಿ ತಲೆ ಮಾತ್ರ ಮೇಲೆ ಹಾಕಿ, ದುರ್ಬೀನಕ್ಕಾ, ಎಲ್ಲಿ, ಎಂದ, ಅವಳು ಕೈ ತೋರಿಸಿದಳು, ಈ ನಿಶ್ಶಬ್ದದಲ್ಲಿ ಈಗ ಅದು ಕೇಳಿಸುತ್ತಿದೆ, ಕಾಣಿಸುವುದಲ್ಲ, ಕೇಳಿಸುವುದು, ಒಂದು ಮೈಲಿ ನೀರಿನ ಮೇಲಿಂದ ಬರುವ ಉಸಿರಿನ ಸದ್ದು, ಬಾಗಿಲು ತೆಗೆದ ಹಾಗೆ, ಅದು ಎದ್ದಿತು, ನಿಂತಿತು, ವಾಲಿತು, ಮತ್ತು ಅದರ ಪಕ್ಕದಲ್ಲಿ, ಏನದು, ನೊರೆಯೇ, ನೊರೆಯಲ್ಲ, ಮೇಷ್ಟ್ರೇ, ನೋಡ್ತಿದ್ದೀರಾ, ನೋಡ್ತಿದೀನಿ ತಾಯಿ, ದೊಡ್ಡದರ ಮಗ್ಗುಲಲ್ಲಿ ಇನ್ನೊಂದು, ಆಳೆತ್ತರಕ್ಕಿಂತ ಸ್ವಲ್ಪ ಹೆಚ್ಚು, ಪುಸಕ್ ಎಂದು ಎದ್ದು ನಿಲ್ಲಲೂ ಬಾರದೆ ಕರಗಿದ್ದು, ಮರಿ, ಇಲ್ಲೇ ಸಾಕುತ್ತಿದೆ, ಈ ನೀರಿನಲ್ಲೇ, ಅವಳು ಬರೆಯಬೇಕು, ಹೊತ್ತು ಬರೆಯಬೇಕು, ಎಷ್ಟು ಎಂಬ ಮನೆಯಲ್ಲಿ ಒಂದನ್ನು ಹೊಡೆದು ಎರಡು ಮಾಡಬೇಕು, ಪೆನ್ನು ಕೈಯಲ್ಲೇ ಇದೆ, ಕಾಲು ನಿಮಿಷ ಕಳೆದು ಮತ್ತೆ, ದೊಡ್ಡದು ನೆಟ್ಟಗೆ, ಪಕ್ಕದಲ್ಲಿ ಚಿಕ್ಕದು, ಇನ್ನಷ್ಟು ದೂರ ಹೋಗಿ ಮತ್ತೆ, ದೊಡ್ಡದು, ಪಕ್ಕದಲ್ಲಿ ಚಿಕ್ಕದು, ಅವಳು ಬರೆಯಬೇಕು, ದೊಡ್ಡದು, ಪಕ್ಕದಲ್ಲಿ ಚಿಕ್ಕದು,